ಐದು ಮನೆ, ಒಂದು ಮಣ್ಣು ರಸ್ತೆ: ಈ ವರ್ಷದ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಟಾರ್ ರಸ್ತೆ ಬಿಟ್ಟು 900 ಮೀಟರ್ ಒಳಗೆ ಬಂದರೆ ನಮ್ಮ ಐದು ಮನೆಗಳು. ಮೊದಲು ಕೆಳಮನೆ, ಆಮೇಲೆ ಗದ್ದೆಮನೆ, ನಡುಮನೆ. ಕೊನೆಯಲ್ಲಿ ಎದುರುಬದುರಾಗಿ ನಾವು ಮತ್ತು ತುದಿಮನೆಯವರು. ರಸ್ತೆ ನಮ್ಮ ನಮ್ಮ ಜಾಗದಲ್ಲೇ ಹಾದು ಬಂದದ್ದು, ಪಂಚಾಯ್ತಿಯದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ರಸ್ತೆ ಕಿತ್ತುಕೊಂಡು ಹೋಗಲು ಸಾಕು.

ಅಡಿಕೆ ಕೆಲಸ ಒಂದು ಹದಕ್ಕೆ ಬಂದ ಮೇಲೆ ಪಂಚಾಯ್ತಿಗೆ ಹೋಗಿ ಕೇಳಿದೆವು. ಖಾಸಗಿ ಸರ್ವೆ ನಂಬರಿನ ರಸ್ತೆಗೆ ಸರ್ಕಾರದ ದುಡ್ಡು ಹಾಕಲು ಬರುವುದಿಲ್ಲ, ಜಾಗ ಬರೆದುಕೊಡಿ, ಆಮೇಲೆ ನೋಡೋಣ ಎಂದರು. ಕೆಳಮನೆ ಅಣ್ಣಯ್ಯ ಒಪ್ಪಲಿಲ್ಲ. ಅವರ ಗೇಟು, ಅವರ ದನ. ಅವರಿಗೆ ಒತ್ತಾಯ ಮಾಡುವುದು ಸರಿ ಅಂತ ನನಗೂ ಅನ್ನಿಸಲಿಲ್ಲ.

ಅಂದರೆ ಖರ್ಚು ನಮ್ಮದೇ. ರಸ್ತೆ ಕೆರೆದು ಹದ ಮಾಡುವ ಗ್ರೇಡಿಂಗ್, ಮೇಲೆ ಹಾಸುವ ಗೊಚ್ಚು ಮಣ್ಣು, ಎರಡು ಸಿಮೆಂಟ್ ಪೈಪಿನ ಮೋರಿ, ಜೆಸಿಬಿ ಬಾಡಿಗೆ ಎಲ್ಲ ಸೇರಿ ಹತ್ತಿರ ಹತ್ತಿರ 90,000 ರೂಪಾಯಿ.

ಮಾರ್ಚ್

ಇಷ್ಟು ವರ್ಷ ಕೆಲಸ ಕೆಟ್ಟದ್ದು ಇಲ್ಲೇ. ಸಮಪಾಲು ಎಂದರೆ ಮನೆಗೆ 18,000. ಅಣ್ಣಯ್ಯನ ಮಾತು ಪ್ರತಿ ವರ್ಷ ಒಂದೇ. "ನಮ್ಮನೆಯಿಂದ ಟಾರ್ ರೋಡಿಗೆ ಎಷ್ಟು ದೂರ ಮಾರಾಯ? ನೀವು ಗುಡ್ಡದ ಮೇಲೆ ಮನೆ ಕಟ್ಟಿದ್ದಕ್ಕೆ ನಾನು ದುಡ್ಡು ಕೊಡೋದಾ? ಜಾಗ ಬಿಟ್ಟಿದ್ದು ಸಾಲದಾ?"

ಮಾತಿನಲ್ಲಿ ತಪ್ಪೇನಿಲ್ಲ. ಕಾನೂನೂ ಹೆಚ್ಚುಕಡಿಮೆ ಅವರ ಕಡೆಗೇ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಬೇರೆಯವರ ಜಾಗದಲ್ಲಿ ದಾರಿಯ ಹಕ್ಕು ಇದ್ದವರು ಆ ದಾರಿಯನ್ನು ರಿಪೇರಿ ಮಾಡಿಕೊಳ್ಳಬಹುದು, ಆದರೆ ಖರ್ಚು ಅವರದ್ದೇ. ಜಾಗ ಕೊಟ್ಟವನು ರಿಪೇರಿ ಮಾಡಿಕೊಡಬೇಕು ಅಂತ ಎಲ್ಲೂ ಇಲ್ಲ. ಇದನ್ನು ಓದಿ ಹೇಳಿದಾಗ ಅಣ್ಣಯ್ಯನ ಮುಖದಲ್ಲಿ ಬಂದ ಖುಷಿ ನೋಡಬೇಕಿತ್ತು.

ಹಾಗಾಗಿ ಬೇರೆ ದಾರಿ ಹಿಡಿದೆವು. ರಸ್ತೆಯನ್ನು ಮನೆಯಿಂದ ಮನೆಗೆ ತುಂಡು ಮಾಡಿ, ಒಂದೊಂದು ತುಂಡಿನ ಖರ್ಚನ್ನು ಅದರ ಮೇಲೆ ಓಡಾಡುವವರು ಮಾತ್ರ ಹಂಚಿಕೊಳ್ಳುವುದು. ಮೀಟರಿಗೆ 100 ರೂಪಾಯಿ ಹಿಡಿದೆವು. ಟಾರ್ ರಸ್ತೆಯಿಂದ ಕೆಳಮನೆವರೆಗಿನ 300 ಮೀಟರ್ ಐದೂ ಮನೆಗೆ ಬೇಕು, ತಲಾ 6,000. ಅಲ್ಲಿಂದ ಗದ್ದೆಮನೆಗೆ 200 ಮೀಟರ್, ಅದು ನಾಲ್ಕು ಮನೆಗೆ, ತಲಾ 5,000. ನಡುಮನೆವರೆಗಿನ 240 ಮೀಟರ್ ಮೂವರಿಗೆ, ತಲಾ 8,000. ಕೊನೆಯ 160 ಮೀಟರ್ ನಾವಿಬ್ಬರೇ, ತಲಾ 8,000. ಕೂಡಿದರೆ ಕೆಳಮನೆ 6,000, ಗದ್ದೆಮನೆ 11,000, ನಡುಮನೆ 19,000, ನಮಗೂ ತುದಿಮನೆಗೂ 27,000.

ಹೌದು, ನಮ್ಮ ಪಾಲು 9,000 ಏರಿತು. ಮನೆಯಲ್ಲಿ ಇದಕ್ಕೆ ಸ್ವಲ್ಪ ಮಾತೂ ಆಯಿತು. ಆದರೆ ಯಾರೂ ಕೊಡದ 18,000ಕ್ಕಿಂತ ಎಲ್ಲರೂ ಕೊಡುವ 27,000 ವಾಸಿ. ಮಳೆಗಾಲದಲ್ಲಿ ಪಿಕಪ್ ಮೇಲೆ ಬರದಿದ್ದರೆ ಗೊಬ್ಬರದ ಚೀಲ ಹೊರಿಸುವ ಕೂಲಿಯೇ ಎಷ್ಟಾಗುತ್ತದೆ, ಅಲ್ವಾ?

ಅರ್ಥಶಾಸ್ತ್ರ ಓದುವ ನಡುಮನೆ ಹುಡುಗಿ ಇದನ್ನು ನೋಡಿ ನಕ್ಕಳು. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದದ್ದು ಬೇಕು, ಖರ್ಚು ಹೇಗೆ ಹಂಚಬೇಕು ಅನ್ನುವುದಕ್ಕೂ ಇದೇ ಲೆಕ್ಕವಂತೆ. ಲಾಯ್ಡ್ ಶಾಪ್ಲಿ ಎಂಬ ಗಣಿತದವರು 1953ರಲ್ಲಿ ಕೊಟ್ಟ ಸೂತ್ರ ಹಾಕಿದರೂ ಇದೇ ಉತ್ತರ ಬರುತ್ತದಂತೆ. ಅಣ್ಣಯ್ಯ ಮಾತ್ರ "ನಾನು ಹೇಳ್ತಾ ಇದ್ದದ್ದೂ ಅದೇ" ಎಂದರು.

ಇನ್ನೊಂದು ಗಮನಿಸಿ. ನಡುಮನೆಗೆ ಸಮಪಾಲಾದರೆ 18,000, ಹೀಗಾದರೆ 19,000. ಯಾವ ಲೆಕ್ಕವಾದರೂ ಅವರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ದುಡ್ಡು, ಪುಸ್ತಕ, ಜಗಳ ಮೂರನ್ನೂ ನಡುಮನೆ ಅತ್ತಿಗೆಗೆ ಒಪ್ಪಿಸಿದೆವು. ಬಿಲ್ಲಿನ ಫೋಟೋ ಅವತ್ತೇ ವಾಟ್ಸಾಪ್ ಗುಂಪಿಗೆ ಬರುತ್ತದೆ. ಐದೂ ಮನೆಯವರು ಛಾಪಾ ಕಾಗದದ ಮೇಲೆ ಸಹಿ ಹಾಕಿದ್ದೇವೆ.

ಏಪ್ರಿಲ್

ಗದ್ದೆಮನೆಯವರು ಇರುವುದು ಬೆಂಗಳೂರಿನಲ್ಲಿ. ಊರಿಗೆ ಬರುವುದು ಹಬ್ಬಕ್ಕೆ. ಓಡಾಟವೇ ಇಲ್ಲದ ಮೇಲೆ 11,000 ಯಾಕೆ ಎಂದು ಫೋನಿನಲ್ಲಿ ಕೇಳಿದರು. "ನೀವು ಬರದಿದ್ದರೂ ನಿಮ್ಮ ಅಡಿಕೆ ಇದೇ ರಸ್ತೆಯಲ್ಲಿ ಇಳಿಯುತ್ತದಲ್ಲ" ಎಂದರು ಅತ್ತಿಗೆ. ಸಂಜೆಯೊಳಗೆ ದುಡ್ಡು ಬಂತು.

ಮುಯ್ಯಾಳಿನ ಲೆಕ್ಕವನ್ನೂ ಸೇರಿಸಿದ್ದೇವೆ. ಕೈಯಲ್ಲಿ ದುಡ್ಡಿಲ್ಲದವರು ಚರಂಡಿ ತೋಡುವ ಕೆಲಸಕ್ಕೆ ಆಳು ಕೊಡಬಹುದು. ತೋಟದ ಕೆಲಸಕ್ಕೆ ಊರಿನಲ್ಲಿ ನಡೆಯುವ ಕೂಲಿ ದರದಲ್ಲೇ ಅದನ್ನು ಪಾಲಿನಿಂದ ಕಳೆಯುತ್ತಾರೆ.

ಮೇ

ಜೆಸಿಬಿ ಬಂತು. ಬಾಡಿಗೆ ಗಂಟೆ ಲೆಕ್ಕ, ಜೊತೆಗೆ ಬಂದು ಹೋಗುವ ಹೊತ್ತಿನದೂ ಸೇರುತ್ತದೆ. ಅದೇ ದಿನ ತುದಿಮನೆಯವರಿಗೆ ತೋಟದ ಬಸಿಗಾಲುವೆ, ನಮಗೆ ಗೊಬ್ಬರದ ಗುಂಡಿ ಮಾಡಿಸಬೇಕಿತ್ತು. ಹಾಗಾಗಿ ಬಂದು ಹೋಗುವ ಬಾಡಿಗೆಯನ್ನು ಕೆಲಸ ಮಾಡಿದ ಗಂಟೆಗಳ ಮೇಲೆ ಹಂಚಿದೆವು. ರಸ್ತೆಗೆ ಒಂದಿಷ್ಟು ಉಳಿಯಿತು.

ನಮ್ಮ ರಸ್ತೆಗೆ ಶತ್ರು ಗಾಡಿಗಿಂತ ನೀರು. ರಸ್ತೆಯ ನಡು ಎತ್ತರ ಇರಬೇಕು, ಎರಡೂ ಬದಿಗೆ ಇಳಿಜಾರು. ಹತ್ತಡಿ ಅಗಲದ ರಸ್ತೆಗೆ ನಡುಭಾಗ ಎರಡೂವರೆ ಇಂಚಿನಷ್ಟು ಮೇಲಿದ್ದರೆ ನೀರು ಚಕ್ರದ ಜಾಡಿನಲ್ಲಿ ನಿಲ್ಲದೆ ಬದಿಗೆ ಹೋಗುತ್ತದೆ. ಡ್ರೈವರ್ ಮಾತ್ರ ಕೇರಂ ಬೋರ್ಡಿನ ಹಾಗೆ ಸಮ ಮಾಡಲು ಹೊರಟಿದ್ದ. ನೋಡಲು ಚೆಂದ, ಮೊದಲ ಮಳೆಗೇ ಹೊಂಡ. ದಾರ ಕಟ್ಟಿ ತೋರಿಸಿ ಮತ್ತೆ ಮಾಡಿಸಿದೆವು. ಏರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡ ದಿಣ್ಣೆ ಹಾಕಿ ನೀರನ್ನು ಚರಂಡಿಗೆ ತಿರುಗಿಸಿದ್ದೇವೆ. ಕಾರಿನ ತಳ ತಾಗದಷ್ಟೇ ಎತ್ತರ.

ತೋಡಿದ ಮೇಲೆ ಚರಂಡಿ ಶುಚಿ ಮಾಡುವ ಖರ್ಚು ಹಂಚಿಕೆಯಲ್ಲಿಲ್ಲ. ಯಾರ ಜಾಗದ ಎದುರು ಚರಂಡಿ ಇದೆಯೋ ಅದನ್ನು ತೆರೆದಿಡುವುದು ಅವರ ಕೆಲಸ. ತರಗೆಲೆ, ಧರೆಯಿಂದ ಜರಿದ ಮಣ್ಣು ತೆಗೆಯಲು ಒಂದು ಗುದ್ದಲಿ ಸಾಕು.

ಜುಲೈ

ಕೆಳಗಿನ ಮೋರಿ ಚೆನ್ನಾಗಿ ನೀರು ಹೊಡೆಯುತ್ತಿದೆ. ನಡುಮನೆ ತಿರುವಿನದು ಸಣ್ಣದಾಯಿತು, ಕಸ ಕಟ್ಟಿ ನೀರು ರಸ್ತೆ ಮೇಲೆ ಹತ್ತಿತು. ಬಾಯಿಗೆ ಜಾಲರಿ ಕಟ್ಟಿ ಸದ್ಯಕ್ಕೆ ದಾಟಿದ್ದೇವೆ, ಬೇಸಿಗೆಯಲ್ಲಿ ಪೈಪು ಬದಲಿಸಬೇಕು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಡ್ರಮ್ಮು ಹೊತ್ತ ಪಿಕಪ್ ಈ ಸಲ ಎಲ್ಲೂ ಹೂತಿಲ್ಲ.

ಸೆಪ್ಟೆಂಬರ್

ಹೊಸ ತಕರಾರು. ತುದಿಮನೆಯವರು ಮಳೆ ಬಿಟ್ಟ ಮೇಲೆ ಹೊಸ ಮನೆ ಕಟ್ಟಿಸುತ್ತಾರೆ. ಜಂಬಿಟ್ಟಿಗೆ, ಮರಳು, ಜಲ್ಲಿ ಎಲ್ಲ ಟಿಪ್ಪರಿನಲ್ಲೇ ಬರಬೇಕು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ಮಾಡಿದ ಪರೀಕ್ಷೆಯಿಂದ ಒಂದು ಲೆಕ್ಕ ಬಂದಿದೆ: ಚಕ್ರದ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವಕಳಿ ಸುಮಾರು 16 ಪಟ್ಟು. ಅದು ಟಾರು, ಕಾಂಕ್ರೀಟಿನ ಮಾತು. ನಮ್ಮ ಗೊಚ್ಚು ಮಣ್ಣಿನ ಪಾಡು ಕೇಳುವುದೇ ಬೇಡ. ದೂರದ ಲೆಕ್ಕದಲ್ಲಿ ಈ ಭಾರ ಸೇರಿಲ್ಲ. ಅದಕ್ಕೇ ಟಿಪ್ಪರಿನ ಲೋಡಿಗೆ ಇಷ್ಟು ಅಂತ ಬೇರೆ ದುಡ್ಡು ಇಡೋಣ ಎಂದೆ. ತುದಿಮನೆ ಮಾವ ಬೇರೆ ದಾರಿ ಹೇಳಿದರು. ಲೋಡಿನ ದುಡ್ಡು ಬೇಡ, ಮನೆ ಕೆಲಸ ಮುಗಿದ ಮೇಲೆ ಏರಿನ ಜಾಗಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ ಕೊಡುತ್ತೇನೆ, ಸಿಮೆಂಟು ನನ್ನದು, ಆಳು ನಿಮ್ಮದು.

ನನಗೆ ಇದು ಲಾಭ ಅನ್ನಿಸುತ್ತದೆ. ಆದರೆ ಅತ್ತಿಗೆ ಇನ್ನೂ ಒಪ್ಪಿಲ್ಲ. ಪಟ್ಟಿ ಎಷ್ಟು ಉದ್ದ, ಎಷ್ಟು ದಪ್ಪ, ಯಾವ ತಿಂಗಳೊಳಗೆ, ಎಲ್ಲ ಬರೆದು ಸಹಿ ಆಗಲಿ ಎನ್ನುತ್ತಿದ್ದಾರೆ. ದೀಪಾವಳಿಗೆ ಗದ್ದೆಮನೆಯವರೂ ಬರುತ್ತಾರೆ. ಅವತ್ತು ಐದೂ ಮನೆಯವರು ಕೂತು ತೀರ್ಮಾನ ಮಾಡುವುದು ಅಂತ ಆಗಿದೆ.