ಬಂಡೆಯ ಮೇಲಿನ ಮೂರು ಸಾಲು

ನಮ್ಮ ಚಿಗವ್ವನಿಗೆ ಅರವತ್ತೆಂಟು. ನಮ್ಮ ಓಣಿಯಲ್ಲಿ ಬೀಸುಕಲ್ಲಿನ ಪದ ಪೂರ್ತಿ ಬಲ್ಲವಳು ಈಗ ಅವಳೊಬ್ಬಳೇ. ಆ ಪದಗಳೆಲ್ಲ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಬಾದಾಮಿಯ ಬಂಡೆಯ ಮೇಲಿದೆ ಎಂದು ಓದಿದಾಗಿನಿಂದ, ಅವಳಿಗದನ್ನು ತೋರಿಸಬೇಕೆಂಬ ಹಂಬಲ ನನಗೆ. ಶ್ರಾವಣದಲ್ಲಿ ಬನಶಂಕರಿ ದರ್ಶನ ಮುಗಿಸಿ ರಾತ್ರಿ ಬಾದಾಮಿಯಲ್ಲೇ ಉಳಿದೆವು. ಮಳೆ ಬಿದ್ದು ನಿಂತಿತ್ತು.

ಬೆಳಿಗ್ಗೆ ಆರಕ್ಕೆ ಚಾ ಕುಡಿದು, ಊರೊಳಗಿನ ಸಣ್ಣ ಓಣಿ ಹಿಡಿದು ಹೊರಟೆವು. ಮನೆಗಳ ಸಾಲು ಮುಗಿದದ್ದೇ ತಡ, ಅಗಸ್ತ್ಯತೀರ್ಥದ ಕೆರೆ ಒಮ್ಮೆಲೇ ಕಣ್ಣೆದುರು ಬಂತು. ಎರಡೂ ಕಡೆ ಕೆಂಪು ಗುಡ್ಡ, ನಡುವೆ ಹಸಿರು ನೀರು. ಕಲ್ಲಿನ ಪಾವಟಿಗೆಯ ಮೇಲೆ ಆಗಲೇ ಒಗ್ಯಾಣ ಶುರುವಾಗಿತ್ತು. ಬಟ್ಟೆ ಕಲ್ಲಿಗೆ ಬಡಿದ ಸಪ್ಪಳ ಎದುರಿನ ಗುಡ್ಡಕ್ಕೆ ತಾಗಿ ಒಂದು ಗಳಿಗೆ ತಡವಾಗಿ ತಿರುಗಿ ಬರುತ್ತಿತ್ತು. ಚಿಗವ್ವ ಅದನ್ನೇ ಕೇಳುತ್ತ ನಿಂತಳು. ಪ್ರವಾಸಿಗರಿಗೆ ಇದು ನೋಡುವ ಜಾಗ. ಇಲ್ಲಿನ ಹೆಣ್ಣುಮಕ್ಕಳಿಗೆ ದಿನದ ಕೆಲಸದ ಜಾಗ. ಕೆರೆ ಹೀಗೆ ಬಳಕೆಯಲ್ಲಿರುವುದೇ ನನಗೆ ಗುಹೆಗಳಿಗಿಂತ ಹೆಚ್ಚು ಹಿಡಿಸಿತು.

ದಂಡೆಗುಂಟ ಪೂರ್ವಕ್ಕೆ ನಡೆದರೆ ಭೂತನಾಥ ಗುಡಿ. ಕೆರೆ ತುಂಬಿದಾಗ ನೀರು ಅದರ ಕಟ್ಟೆಯನ್ನೇ ಮುಟ್ಟುತ್ತದೆ. ಮಂಟಪದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು. ಮಂಗಗಳು ಬರುವಷ್ಟರಲ್ಲಿ ಗಡಬಡಿಸಿ ತಿಂದು ಎದ್ದೆವು.

ಶಾಸನದ ಬಂಡೆ ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಬದಿಗಿದೆ. ದನ ಹೊಡೆದುಕೊಂಡು ಹೊರಟಿದ್ದ ಹುಡುಗನನ್ನು ಕೇಳಿಕೊಂಡು ಹೋದೆವು. ಬಂಡೆಯ ಮೇಲೆ ತಾವರೆಯ ಚಿತ್ರ, ಅದರ ಕೆಳಗೆ ಹತ್ತು ಸಾಲು ಬರಹ. ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದು. ಅರಭಟ್ಟ ಯಾವ ರಾಜವಂಶದವನೆಂದಾಗಲಿ, ಏನು ದಾನ ಕೊಟ್ಟನೆಂದಾಗಲಿ ಇದು ಹೇಳುವುದಿಲ್ಲ. ಒಬ್ಬ ಮನುಷ್ಯ ಎಂಥವನಿದ್ದ ಎಂಬುದನ್ನಷ್ಟೇ ಹೇಳುತ್ತದೆ. ಆ ಲಿಪಿ ನನಗೆ ಬಾರದು. ಬರೆದುಕೊಂಡು ಹೋಗಿದ್ದ ಚೀಟಿ ತೆಗೆದು, ಅದರೊಳಗಿನ ಆ ತ್ರಿಪದಿ ಓದಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

"ಇನ್ನೊಮ್ಮೆ ಓದೋ ತಮ್ಮಾ," ಅಂದಳು ಚಿಗವ್ವ. ಓದಿದೆ. "ಒಳ್ಳೆಯವರಿಗೆ ಒಳ್ಳೆಯವ, ಸವಿಯಾಗಿದ್ದವರಿಗೆ ಸವಿ, ಕಾಡಾಕ ಬಂದವಗ ಮಾತ್ರ ಬಿಡಾಂವಲ್ಲ. ಹೌದಿಲ್ಲೋ?" ಪೆರನಲ್ಲ ಅಂದರೆ ಬೇರೆಯವನಲ್ಲ, ಸಾಕ್ಷಾತ್ ಮಾಧವನೇ ಅಂತ, ಅದೊಂದನ್ನಷ್ಟೇ ನಾನು ಹೇಳಬೇಕಾಯಿತು. ಆಮೇಲೆ ಅವಳು ಬಲಗೈ ಮುಷ್ಟಿ ಮಾಡಿ, ಬೀಸುಕಲ್ಲಿನ ಗೂಟ ಹಿಡಿದವರ ಹಾಗೆ ಮೆಲ್ಲಗೆ ಸುತ್ತು ತಿರುಗಿಸುತ್ತ, ತನ್ನ ಧಾಟಿಗೆ ಆ ಮಾತುಗಳನ್ನು ಹಚ್ಚಿ ನೋಡಿದಳು. ಎರಡನೇ ಸಾಲಿನಲ್ಲಿ ತಡವರಿಸಿತು. ಒಂದು ಮಾತನ್ನು ಎಳೆದು ಮತ್ತೆ ಹಿಡಿದಳು. ಈ ಸಲ ಕೂತಿತು. ನನಗೆ ಮೈ ಜುಮ್ಮೆಂದಿತು.

ಬಂದ ದಾರಿಯಲ್ಲೇ ಮರಳಿ, ಮ್ಯೂಸಿಯಂ ಪಕ್ಕದಿಂದ ಉತ್ತರದ ಗುಡ್ಡ ಹತ್ತಿದೆವು. ಗುಡ್ಡ ಸಣ್ಣದು, ದಾರಿ ಮಾತ್ರ ಬೆರಗಿನದು. ಎರಡೂ ಬದಿಗೆ ನೆಟ್ಟಗೆ ನಿಂತ ಬಂಡೆ, ನಡುವಿನ ಸೀಳಿನಲ್ಲಿ ಪಾವಟಿಗೆ. ಕೈಯಿಟ್ಟರೆ ಕಲ್ಲು ಇನ್ನೂ ರಾತ್ರಿಯ ತಂಪು ಹಿಡಿದಿತ್ತು. ಕೈಗೆ ಸಣ್ಣ ಉಸುಕು ಹತ್ತಿತು. ಈ ಗುಡ್ಡವನ್ನು ಕೋಟೆಯಾಗಿ ಮಾಡಿದವನು ಚಾಲುಕ್ಯರ ಒಂದನೆಯ ಪುಲಕೇಶಿ. ಅದನ್ನು ಹೇಳುವ ಕ್ರಿ.ಶ. 543ರ ಶಾಸನವೂ ಇಲ್ಲಿನ ಬಂಡೆಯಲ್ಲಿದೆ. ಸುಮಾರು ನೂರು ವರ್ಷ ಕಳೆದು ಪಲ್ಲವರ ನರಸಿಂಹವರ್ಮ ಊರನ್ನು ಗೆದ್ದ. ಅವನೂ ತನ್ನ ಶಾಸನವನ್ನು ಇದೇ ಊರಿನ ಬಂಡೆಯ ಮೇಲೆ ಕೊರೆಸಿದ. ಗೆದ್ದವರು, ಸೋತವರು, ಇವರಿಬ್ಬರಿಗೂ ಸೇರದ ಅರಭಟ್ಟ, ಎಲ್ಲರಿಗೂ ಈ ಕೆಂಪು ಕಲ್ಲೇ ಕಾಗದ.

ಕೆಳಗಿನ ಶಿವಾಲಯದ ಹತ್ತಿರ ಎರಡು ಸಲ ಕೂತು, ಮೇಲಿನ ಶಿವಾಲಯ ಮುಟ್ಟುವಾಗ ಬಿಸಿಲು ಏರಿತ್ತು. ಗೋವರ್ಧನ ಎತ್ತಿದ ಕೃಷ್ಣನ ಕೆತ್ತನೆಯನ್ನು ಚಿಗವ್ವ ಬಹಳ ಹೊತ್ತು ನೋಡಿದಳು. ಎದುರಿನ ಗುಡ್ಡದಲ್ಲಿ ಗುಹೆಗಳ ಕಪ್ಪು ಬಾಯಿ, ಕೆಳಗೆ ಇಡೀ ಕೆರೆ, ಪೂರ್ವದ ತುದಿಗೆ ಅಂಗೈಯಷ್ಟು ಕಾಣುವ ಭೂತನಾಥ.

"ಆ ಬಂಡೆ ಯಾ ಕಡಿಗೆ ಬರ್ತೈತೋ?"

ಬೆರಳು ಮಾಡಿ ತೋರಿಸಿದೆ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಅತ್ತ ನೋಡಿದಳು. "ಚೀಟಿ ನನ್ನ ಕಡೆ ಕೊಡು," ಅಂದಳು. ನಾಲ್ಕು ಮಡಿಕೆ ಮಾಡಿ ಎಲಿಅಡಿಕಿ ಚೀಲದೊಳಗೆ ಇಟ್ಟುಕೊಂಡು, ಇಳಿಯಲು ನನ್ನ ಹೆಗಲಿಗೆ ಕೈ ಹಾಕಿದಳು.