ಕ್ಯಾಲ್ಗರಿಯಲ್ಲಿ ಅಪ್ಪನ ಆಯುಧಪೂಜೆ

ಮೊದಲು ಬೇಕಾಗಿದ್ದು ಒಂದು ಬಿಳಿ ಬೆಡ್‌ಶೀಟು. ನಮ್ಮ ಮನೆಯಲ್ಲಿ ಇರುವುದೆಲ್ಲ ಹೂವಿನದು, ಗೀಟಿನದು. ಅಪ್ಪ ಇದ್ದಿದ್ದರೆ ಅದರ ಮೇಲೆ ಒಂದು ಸ್ಪ್ಯಾನರ್ ಕೂಡ ಇಡುತ್ತಿರಲಿಲ್ಲ. ಹೂವಿನ ಮಧ್ಯೆ ಸಾಮಾನು ಕಾಣಿಸುವುದಿಲ್ಲ, ಕಾಣದೆ ಇದ್ದದ್ದು ಕಳೆದುಹೋದ ಹಾಗೇ ಲೆಕ್ಕ, ಅನ್ನುತ್ತಿದ್ದರು. ಕೊನೆಗೆ ಹೆಂಡತಿಯ ಹಳೇ ಬಿಳಿ ದುಪಟ್ಟಾ ಸಿಕ್ಕಿತು.

ಅಪ್ಪ ತೀರಿಕೊಂಡಿದ್ದು 2024ರ ಜನವರಿಯಲ್ಲಿ. ಆ ವರ್ಷ ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ವರ್ಷದ ತಿಥಿಗೆ ಮಂಡ್ಯಕ್ಕೆ ಹೋದವನು ಅಪ್ಪನ ಮೋಟರ್ ರಿಪೇರಿ ಅಂಗಡಿಯಿಂದ ಐದು ಸಾಮಾನು ಸೂಟ್‌ಕೇಸಿಗೆ ಹಾಕಿಕೊಂಡು ಬಂದೆ: ತಂತಿಯ ದಪ್ಪ ಅಳೆಯುವ ಮೈಕ್ರೋಮೀಟರ್, ಮರದ ಸುತ್ತಿಗೆ, ಕತ್ತರಿ, ಇಕ್ಕಳ, ಮತ್ತೆ ಗೇಣುದ್ದದ ಒಂದು ಬಿದಿರಿನ ಪಟ್ಟಿ. 2025ರ ಅಕ್ಟೋಬರ್ 1, ಬುಧವಾರ, ಅವಕ್ಕೆ ಇಲ್ಲಿ ಕೆನಡಾದಲ್ಲಿ ಮೊದಲ ಆಯುಧಪೂಜೆ.

ಅಪ್ಪ 1972ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಮಿಲ್ಟ್ರಿ ಸೇರಿದವರು. ಸಿಕಂದರಾಬಾದಿನಲ್ಲಿ ಇಎಂಇ ತರಬೇತಿ. ಸೇನೆಯ ಗಾಡಿ, ಯಂತ್ರ, ಉಪಕರಣ ರಿಪೇರಿ ಮಾಡುವ ಪಡೆ ಅದು. ಅಪ್ಪನ ಟ್ರೇಡು ಎಲೆಕ್ಟ್ರಿಷಿಯನ್. ಚಿಕ್ಕವನಾಗಿದ್ದಾಗ ನನಗೆ ಇದೊಂದು ದೊಡ್ಡ ನಿರಾಸೆ. ಸ್ಕೂಲಿನಲ್ಲಿ ಎಲ್ಲರೂ "ನಿಮ್ಮಪ್ಪ ಎಷ್ಟು ಜನಕ್ಕೆ ಗುಂಡು ಹೊಡೆದವ್ರೆ?" ಅಂತ ಕೇಳುವವರೇ. ನಮ್ಮಪ್ಪ ಶಕ್ತಿಮಾನ್ ಲಾರಿಯ ಡೈನಮೊ ಬಿಚ್ಚಿ ತಂತಿ ಸುತ್ತುತ್ತಿದ್ದರು ಅಂತ ಹೇಳಿದರೆ ಯಾರು ಬೆಲೆ ಕೊಡುತ್ತಾರೆ? "ಲಾರಿ ಸ್ಟಾರ್ಟ್ ಆಗದೆ ಇದ್ರೆ ಗುಂಡು ಮುಂದಕ್ಕೆ ಹೋಗೋದು ಹೆಂಗೆ ಮಗ?" ಅನ್ನುತ್ತಿದ್ದರು ಅಪ್ಪ, ಅಷ್ಟೇ.

ಊರು ಬಿಟ್ಟು ಆಯುಧಪೂಜೆ ಮಾಡಿದವರಲ್ಲಿ ನಮ್ಮ ಮನೆಯಲ್ಲಿ ನಾನು ಮೊದಲನೆಯವನಲ್ಲ. ಒಂದು ವರ್ಷ ಅಪ್ಪ ಲೇಹ್‌ನಲ್ಲಿ ಕಡ್ಲೆಪುರಿ, ನಿಂಬೆಹಣ್ಣು, ಬಾಳೆಕಂದು ಒಂದೂ ಸಿಗದೆ, ಟೀ ಜೊತೆ ಕೊಟ್ಟ ಶಕ್ಕರ್‌ಪಾರವನ್ನೇ ನೈವೇದ್ಯ ಮಾಡಿದ್ದರಂತೆ. ಅದಾದ ಮೇಲೆ ಮಂಡ್ಯದಲ್ಲೂ ಪ್ರತಿ ವರ್ಷ ಕಡ್ಲೆಪುರಿ ಪಕ್ಕದಲ್ಲಿ ಒಂದು ತಟ್ಟೆ ಶಕ್ಕರ್‌ಪಾರ ಇರಲೇಬೇಕು. ಅಮ್ಮ ಅದಕ್ಕೆ "ಲಡಾಕಿನ ದೇವ್ರ ಪ್ರಸಾದ" ಅಂತ ಹೆಸರಿಟ್ಟಿದ್ದಳು. ನಾನೂ ಈ ಸಲ ಕರಿದೆ. ಸ್ವಲ್ಪ ಸೀದುಹೋಯಿತು.

1994ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು ಗುತ್ತಲು ರಸ್ತೆಯಲ್ಲಿ ಒಂದು ಮಳಿಗೆ ಹಿಡಿದರು. ಪಂಪ್‌ಸೆಟ್ ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಬೋರ್ಡಿನಲ್ಲಿ ಬೇರೆ ಹೆಸರಿತ್ತು, ರೈತರ ಬಾಯಲ್ಲಿ ಅದು ಮಿಲ್ಟ್ರಿ ಅಂಗಡಿ. ಬೆಳಿಗ್ಗೆ ಪೇಪರಿನಲ್ಲಿ ಅಪ್ಪ ಮೊದಲು ನೋಡುತ್ತಿದ್ದುದು ಕೆಆರ್‌ಎಸ್ ನೀರಿನ ಮಟ್ಟ. 124.80 ಅಡಿ ತುಂಬಿದರೆ ಜಿಲ್ಲೆಗೆಲ್ಲ ಸಂತೋಷ, ನಮ್ಮ ಅಂಗಡಿಗೆ ಕೆಲಸ ಕಮ್ಮಿ. ನಾಲೆಯಲ್ಲಿ ನೀರು ನಿಂತರೆ ಬೋರ್‌ವೆಲ್ಲುಗಳು ಹಗಲೂ ರಾತ್ರಿ ಓಡುತ್ತವೆ, ಮೋಟರ್‌ಗಳು ಸಾಲಾಗಿ ಸುಡುತ್ತವೆ. ಊರಿನ ಕಷ್ಟದಲ್ಲಿ ನಡೆಯುವ ವ್ಯಾಪಾರ ಅದು. ಅಪ್ಪನಿಗೆ ಅದರ ಬಗ್ಗೆ ಒಂದು ಥರ ನಾಚಿಕೆ ಇತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಮೋಟರ್ ಬಿಚ್ಚಿದ ತಕ್ಷಣ ಯಾಕೆ ಸುಟ್ಟಿದೆ ಅಂತ ಹೇಳಿಬಿಡುತ್ತಿದ್ದರು. ಸುರುಳಿಗಳ ನಡುವೆ ಕೆಲವು ಹಾಗೇ ಕೆಂಪಗೆ ಉಳಿದಿದ್ದರೆ ಒಂದು ಫೇಸ್ ಹೋಗಿದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಸಾಲದು, ಇಲ್ಲ ಲೋಡು ಜಾಸ್ತಿ. ಆಮೇಲೆ ಸುಟ್ಟ ತಾಮ್ರವನ್ನೆಲ್ಲ ಕಿತ್ತು, ರೈತನ ಕಣ್ಣೆದುರೇ ತಕ್ಕಡಿಗೆ ಹಾಕಿ, ಅದರ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುತ್ತಿದ್ದರು. ಹಳೇ ತಾಮ್ರ ಅಂಗಡಿಯವನಿಗೆ ಅನ್ನುವುದು ಸುಮಾರು ಕಡೆ ರೂಢಿ. ಅಪ್ಪನ ಈ ತಕ್ಕಡಿಯಿಂದ ಅಕ್ಕಪಕ್ಕದ ಅಂಗಡಿಯವರಿಗೆ ಸಿಟ್ಟು, ಅಮ್ಮನಿಗೂ ಸಿಟ್ಟು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟುವ ತಿಂಗಳಂತೂ ಅಮ್ಮ ಆ ತಕ್ಕಡಿಯನ್ನು ನೋಡುತ್ತಿದ್ದ ರೀತಿಯೇ ಬೇರೆ.

ಆಯುಧಪೂಜೆ ದಿನ ಅಂಗಡಿಯಲ್ಲಿ ನಡೆಯುತ್ತಿದ್ದುದು ಅರ್ಧ ಪೂಜೆ, ಅರ್ಧ ಮಿಲ್ಟ್ರಿಯ ಕಿಟ್ ತಪಾಸಣೆ. ಬಿಳಿ ಬೆಡ್‌ಶೀಟ್ ಹಾಸಿ, ಸೀಮೆಎಣ್ಣೆಯಲ್ಲಿ ಒರೆಸಿದ ಸಾಮಾನುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಬೇಕು. ಹಿಡಿಗಳೆಲ್ಲ ಒಂದೇ ಕಡೆಗೆ. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಇರುತ್ತಿತ್ತು. ಅಪ್ಪ ಹೆಸರು ಕೂಗುವುದು, ನಾನೂ ತಂಗಿಯೂ "ಹಾಜರ್" ಅನ್ನುವುದು. ಒಂದು ವರ್ಷ ನಾನು ಸೈಕಲ್ ರಿಪೇರಿಗೆ ಅಂತ ಒಯ್ದು ಕಳೆದಿದ್ದ 12-13ರ ಸ್ಪ್ಯಾನರ್ ಸರದಿ ಬಂತು. ನಾನು ಮಾತೇ ಆಡಲಿಲ್ಲ. ಅಪ್ಪನೂ ಏನೂ ಅನ್ನದೆ ಅದರ ಜಾಗ ಖಾಲಿ ಬಿಟ್ಟು, ಆ ಖಾಲಿ ಜಾಗಕ್ಕೇ ಒಂದು ಹೂವು ಇಟ್ಟು ಮಂಗಳಾರತಿ ಮಾಡಿದರು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿ ಇತ್ತು.

ಪೂಜೆ ಆದಮೇಲೆ ಮಾರನೇ ದಿನದವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮಾರನೇ ದಿನ ಮೈಸೂರಿಗೆ ಹೋಗಿ ಬನ್ನಿಮಂಟಪದ ಪಂಜಿನ ಕವಾಯತು ನೋಡುವುದು, ಮೂರನೇ ಸಾಲಿನವನು ಹೆಜ್ಜೆ ತಪ್ಪಿದ್ದನ್ನು ಅಪ್ಪನಿಂದ ಬಸ್ಸಿನಲ್ಲಿ ವಾಪಸ್ ಬರುವವರೆಗೂ ಕೇಳುವುದು.

ಒಂದೇ ಒಂದು ಸಲ ಆ ನಿಯಮ ಮುರಿಯಿತು. 2003, ಬರ. ಮಂಗಳಾರತಿ ಆಗಿ ನಾವು ಕಡ್ಲೆಪುರಿ ಹಂಚುತ್ತಿದ್ದಾಗ, ನಾಲೆಯ ಕೊನೇ ಭಾಗದ ಊರಿನಿಂದ ಒಬ್ಬರು ಗೂಡ್ಸ್ ಆಟೋದಲ್ಲಿ ಐದು ಎಚ್‌ಪಿ ಮೋಟರ್ ತಂದರು. "ಭತ್ತ ಹೊಡೆಗೆ ಬಂದದೆ ಯಜಮಾನ್ರೇ, ತೆನೆ ಹೊರಡೋ ಹೊತ್ತು. ಇನ್ನೆರಡು ದಿನ ನೀರಿಲ್ದೆ ಹೋದ್ರೆ ಪೂರ್ತಿ ಜೊಳ್ಳಾಯ್ತದೆ." ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಗೋಡೆ ನೋಡಿದಳು. ಅಪ್ಪ ಕತ್ತರಿಯ ಮೇಲಿನ ಕುಂಕುಮವನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡು ಕೂತರು. ರಾತ್ರಿ ಹನ್ನೊಂದಕ್ಕೆ ವೈಂಡಿಂಗ್ ಮುಗಿಯಿತು. ವಾರ್ನಿಷ್ ಹೊಡೆದು, ಒಳಗೆ ಇನ್ನೂರು ವ್ಯಾಟಿನ ಬಲ್ಬು ಉರಿಸಿ, ಒಣಗಲು ಇಟ್ಟರು. ಆ ರೈತ ಅಂಗಡಿಯಲ್ಲೇ ಗೋಣಿಚೀಲದ ಮೇಲೆ ಮಲಗಿದರು. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಆದರೆ ಆ ರಾತ್ರಿ ಇಬ್ಬರಿಗೂ ಊಟದ ಕ್ಯಾರಿಯರ್ ಕಳಿಸಿದವಳು ಅವಳೇ.

ಇಲ್ಲಿ ಬೂದುಗುಂಬಳಕಾಯಿ ಚೀನೀಯರ ಅಂಗಡಿಯಲ್ಲಿ ಸಿಗುತ್ತದೆ, ಹೋಳು ಮಾಡಿ ಮಾರುತ್ತಾರೆ. ಹೋಳನ್ನು ಒಡೆಯುವುದು ಹೇಗೆ? ಅದಕ್ಕೆ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಮಾತ್ರ. ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಇಟ್ಟೆ. ಅಪ್ಪ ಅದನ್ನು ಆಯುಧ ಅಂತ ಯಾವತ್ತೂ ಒಪ್ಪಿರಲಿಲ್ಲ. "ಅದ್ರಲ್ಲಿ ಬಿಚ್ಚೋಕೆ ಏನೈತೆ?" ಅನ್ನುತ್ತಿದ್ದರು. ದುಪಟ್ಟಾದ ಮೇಲೆ ಐದೂ ಸಾಮಾನು ಜೋಡಿಸಿದೆ. ನಾನು ಹೆಸರು ಕೂಗಿದೆ, ಏಳು ವರ್ಷದ ಮಗಳು "ಹಾಜರ್" ಅಂದಳು. ಬಿದಿರಿನ ಪಟ್ಟಿಗೆ ಬಂದಾಗ ಕುಂಕುಮ ನಿಲ್ಲಲೇ ಇಲ್ಲ. ತಂತಿಯನ್ನು ಮೋಟರಿನ ಸಂದಿಗೆ ತಳ್ಳಿ ತಳ್ಳಿ ಅಪ್ಪನ ಹೆಬ್ಬೆರಳು ಅದನ್ನು ಗಾಜಿನ ಹಾಗೆ ನುಣುಪು ಮಾಡಿತ್ತು. ಎರಡು ಸಲ ಇಟ್ಟೆ, ಎರಡು ಸಲವೂ ಜಾರಿತು.

ಇಲ್ಲಿ ಸಂಜೆ ಏಳು, ಮಂಡ್ಯದಲ್ಲಿ ಬೆಳಿಗ್ಗೆ ಆರೂವರೆ. ಅಮ್ಮನಿಗೆ ಆಗಲೇ ವಿಜಯದಶಮಿ. ವಿಡಿಯೋದಲ್ಲಿ ದುಪಟ್ಟಾ ತೋರಿಸಿದೆ. ಒಂದೊಂದನ್ನೇ ನೋಡಿದಳು.

"ಆ ಬಿದಿರುಕಡ್ಡಿ ಯಾಕೆ ಇಟ್ಟೆ ಅಲ್ಲಿ?"

"ಯಾಕಮ್ಮ, ಅದೂ ಅಪ್ಪಂದೇ ಅಲ್ವಾ?"

"ಅದನ್ನ ಪೂಜೆಗೆ ಇಡ್ತಾನೇ ಇರ್ಲಿಲ್ಲ ಕಣಪ್ಪ ಅವ್ರು. ಆ ಬರದ ವರ್ಷದಿಂದ ಈಚೆಗೆ, ಹಬ್ಬದ ದಿನ ಜೇಬಲ್ಲಿ ಇಟ್ಕೊಂಡಿರೋರು. ಯಾರಾದ್ರೂ ಮೋಟರ್ ತಂದ್ಬಿಟ್ರೆ ಅಂತ. ನಂಗೆ ಗೊತ್ತಿಲ್ಲ ಅನ್ಕೊಂಡಿದ್ರು."

ಮಗಳು ಅದನ್ನು ದುಪಟ್ಟಾದಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಪ್ಯಾಂಟಿನ ಜೇಬಿಗೆ ಉದ್ದವಾಯಿತು. ಶರಟಿನ ಜೇಬಿಗೆ ಹಾಕಿಕೊಂಡು ಆರತಿ ಹಚ್ಚಿದೆ.