ಪ್ಯಾಲೆಸ್ಟೀನ್ ಚಿತ್ರೋತ್ಸವದ ಜೊತೆ ಕಾರ್ಯಕ್ರಮಗಳು: ಹತ್ತು ವಾರದ ತಯಾರಿಯ ದಾಖಲೆ

ಟೊರಾಂಟೊದಲ್ಲಿ ಪ್ಯಾಲೆಸ್ಟೀನ್ ಸಿನಿಮಾಗಳಿಗೆಂದೇ ಉತ್ಸವ ಶುರುವಾದದ್ದು 2008ರಲ್ಲಿ, 1948ರಲ್ಲಿ ಪ್ಯಾಲೆಸ್ಟೀನಿಯರು ಮನೆ, ನೆಲ ಕಳೆದುಕೊಂಡ ನಕ್ಬಾಕ್ಕೆ 60 ವರ್ಷ ತುಂಬಿದಾಗ. ಷಿಕಾಗೊದ ಉತ್ಸವ ಅದಕ್ಕಿಂತ ಹಳೆಯದು, 2001ರದ್ದು. ಬಾಸ್ಟನ್ನಿನದು 2007ರದ್ದು. ಈ ದಾಖಲೆ ಅಂಥ ದೊಡ್ಡ ಉತ್ಸವಗಳದ್ದಲ್ಲ. ಟೊರಾಂಟೊದಲ್ಲೇ ಸ್ವಯಂಸೇವಕರೇ ಸೆಪ್ಟೆಂಬರ್ ಕೊನೆಯ ಶನಿವಾರ, ಭಾನುವಾರ ನಡೆಸುವ ಎರಡು ದಿನದ ಸಣ್ಣ ಉತ್ಸವದ್ದು, ಅದರಲ್ಲೂ ಪರದೆಯ ಹೊರಗೆ ನಡೆಯುವ ನಾಲ್ಕು ಕಾರ್ಯಕ್ರಮಗಳದ್ದು: ತತ್ರೀಜ್ ಕಸೂತಿ ಶಿಬಿರ, ಛಾಯಾಚಿತ್ರ ಪ್ರದರ್ಶನ, ದಬ್ಕೆ ಕುಣಿತ, ಭಾನುವಾರದ ಊಟ ಮತ್ತು ಸಂವಾದ. ಲೆಕ್ಕ 100 ಜನರಿಗೆ.

ಆಯ್ಕೆಗೆ ಇಟ್ಟುಕೊಂಡ ನಿಯಮ ಒಂದೇ. ಯಾವ ಕಾರ್ಯಕ್ರಮವೇ ಆಗಲಿ, ಆ ದಿನ ತೋರಿಸುವ ಒಂದಾದರೂ ಚಿತ್ರಕ್ಕೆ ಅದರ ಎಳೆ ಸೇರಬೇಕು. ಬೆಳಿಗ್ಗೆ ಸೂಜಿ ಹಿಡಿದವರು ಸಂಜೆ ಪರದೆಯ ಮೇಲೆ ಅಜ್ಜಿಯೊಬ್ಬರ ಥೋಬ್ (ಕಸೂತಿಯ ನಿಲುವಂಗಿ) ಕಂಡಾಗ, ಅದರ ಎದೆಯ ಮೇಲಿರುವುದು ಸರು (ಸೈಪ್ರೆಸ್) ಮರ ಎಂದು ಗುರುತು ಹಿಡಿಯಬೇಕು. ಬರೀ ಅಂದಕ್ಕೆಂದು ಬಂದ ಸಲಹೆಗಳನ್ನೆಲ್ಲ ಮೊದಲ ಸಭೆಯಲ್ಲೇ ಕೈಬಿಟ್ಟೆವು.

ಹತ್ತು ವಾರ ಬಾಕಿ: ಗಡಿಯಾರ

ಮೊದಲು ಗೊತ್ತುಮಾಡಬೇಕಾದದ್ದು ಸಭಾಂಗಣವಲ್ಲ, ನಿರ್ದೇಶಕರಿರುವ ಪ್ಯಾಲೆಸ್ಟೀನಿನ ರಾಮಲ್ಲಾ ಊರಿನ ಗಡಿಯಾರ. ಸೆಪ್ಟೆಂಬರಿನಲ್ಲಿ ಟೊರಾಂಟೊಗಿಂತ ರಾಮಲ್ಲಾ 7 ಗಂಟೆ ಮುಂದಿರುತ್ತದೆ. ಚಿತ್ರ ಮುಗಿದ ಮೇಲೆ ರಾತ್ರಿ 9ಕ್ಕೆ ನಿರ್ದೇಶಕರ ಜೊತೆ ವಿಡಿಯೊ ಸಂವಾದ ಎಂದು ಬರೆದುಬಿಡುವುದು ಸುಲಭ, ಆದರೆ ಅಲ್ಲಿ ಆಗ ಬೆಳಗಿನ ಜಾವ 4 ಗಂಟೆ. ಹಾಗಾಗಿ ಸಂವಾದವನ್ನು ಭಾನುವಾರ ಮಧ್ಯಾಹ್ನ 12:15ಕ್ಕೆ ತಂದೆವು, ಅಲ್ಲಿಗೆ ಸಂಜೆ 7:15. ಊಟವನ್ನು ಅದರ ಸುತ್ತ ಹೊಂದಿಸಿದೆವು, ಊಟದ ಸುತ್ತ ಸಂವಾದವನ್ನಲ್ಲ. ಅಕ್ಟೋಬರ್ ಕೊನೆಯಲ್ಲಿ ಉತ್ಸವ ಮಾಡುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಪ್ಯಾಲೆಸ್ಟೀನಿನಲ್ಲಿ ಬೇಸಿಗೆ ಸಮಯ ಮುಗಿಯುವ ದಿನವೂ ಕೆನಡಾದ್ದೂ ಒಂದೇ ಅಲ್ಲ. ನಡುವಿನ ದಿನಗಳಲ್ಲಿ ಅಂತರ 6 ಗಂಟೆಗೆ ಇಳಿಯುತ್ತದೆ. ಎರಡೂ ಊರಿನ ಸಮಯವನ್ನು ಆಹ್ವಾನದಲ್ಲೇ ಬರೆದರೆ ಗೊಂದಲವಿಲ್ಲ.

ಸಂವಾದಕ್ಕೆ 45 ನಿಮಿಷ ಇಟ್ಟಿದ್ದೇವೆ. ಅರಬ್ಬಿಯಿಂದ ಒಂದೊಂದೇ ವಾಕ್ಯ ಅನುವಾದ ಮಾಡುತ್ತ ಹೋಗುವಾಗ ಮಾತಿನ ಪಾಲಿಗೆ ಉಳಿಯುವುದು ಅದರಲ್ಲಿ ಅರ್ಧ. ಆದ್ದರಿಂದ ವೇದಿಕೆಯ ಪ್ರಶ್ನೆ ನಾಲ್ಕು, ಸಭಿಕರದ್ದು ಮೂರು, ಅಷ್ಟೇ. ಗಾಜಾದಿಂದ ಮಾತಾಡುವವರಿದ್ದರೆ ನೇರ ಕರೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ನಾಲ್ಕು ಪ್ರಶ್ನೆ ಮೊದಲೇ ಕಳಿಸಿ, ಅವರಿಗೆ ಸಂಪರ್ಕ ಸಿಕ್ಕ ಹೊತ್ತಿನಲ್ಲಿ ಧ್ವನಿ ಸಂದೇಶವಾಗಿ ಉತ್ತರ ತರಿಸಿಕೊಂಡು, ಉಪಶೀರ್ಷಿಕೆ ಹಾಕಿ ಇಟ್ಟುಕೊಳ್ಳಬೇಕು. ಕರೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಅವರ ದನಿ ಸಭೆಯಲ್ಲಿ ಇರುತ್ತದೆ, ಖಾಲಿ ಕುರ್ಚಿ ಇರುವುದಿಲ್ಲ.

ಚಿತ್ರಮಂದಿರದ ಕಡೆಯದ್ದೂ ಒಂದು ಗಡಿಯಾರದ ವಿಚಾರವೇ. ಡಿಸಿಪಿಗೆ, ಅಂದರೆ ಚಿತ್ರದ ಡಿಜಿಟಲ್ ಪ್ರತಿಗೆ, ಬರುವ ಕೆಡಿಎಂ ಕೀಲಿ (ಅದರ ಬೀಗ ತೆರೆಯುವ ಫೈಲು) ಒಂದು ಸರ್ವರಿಗೆ, ಒಂದು ಸಮಯದ ಚೌಕಟ್ಟಿಗೆ ಮಾತ್ರ. ಚೌಕಟ್ಟನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಕೊಟ್ಟು 23:59ಕ್ಕೆ ಮುಗಿಸಿದ್ದರೆ, ಅದು ಟೊರಾಂಟೊದ ರಾತ್ರಿಯಲ್ಲ, ಸಂಜೆ 7:59. 8:30ರ ಪ್ರದರ್ಶನ ಶುರುವೇ ಆಗುವುದಿಲ್ಲ. ಜೊತೆ ಕಾರ್ಯಕ್ರಮ ನಡೆಸುವವರಿಗೆ ಇದು ಏಕೆ ಬೇಕೆಂದರೆ, ಹಿಂದಿನ ಕುಣಿತವೋ ಭಾಷಣವೋ ಒಂದು ಗಂಟೆ ಎಳೆದರೆ ಕೀಲಿಯ ಹೊತ್ತು ಮೀರುವ ಅಪಾಯವಿದೆ. ಎರಡೂ ತುದಿಗೆ ಮೂರು ಗಂಟೆ ಹೆಚ್ಚಿಗೆ ಕೇಳಿ ಪಡೆದಿದ್ದೇವೆ.

ಎಂಟು ವಾರ ಬಾಕಿ: ತತ್ರೀಜ್ ಶಿಬಿರ

ಹೆಚ್ಚು ಕೆಲಸ ಹಿಡಿದದ್ದು ಇದಕ್ಕೇ. ಪ್ಯಾಲೆಸ್ಟೀನಿನ ಈ ಕಸೂತಿ 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದರ ಮುಖ್ಯ ಹೊಲಿಗೆ ಅಡ್ಡಹೊಲಿಗೆ, ನಮ್ಮ ಧಾರವಾಡದ ಕಸೂತಿಯಲ್ಲಿ ಮೆಂತಿ ಎನ್ನುವುದೂ ಇದನ್ನೇ. ಕಸೂತಿ ಬಲ್ಲವರಿಗೆ ಉಳಿದದ್ದೂ ಪರಿಚಿತವೇ: ಬಟ್ಟೆಯ ಮೇಲೆ ನಕ್ಷೆ ಎಳೆಯುವುದಿಲ್ಲ, ಎಳೆ ಎಣಿಸುತ್ತಲೇ ಹೋಗಬೇಕು. ಬೇರೆಯಾಗುವುದು ಆಕೃತಿಗಳಲ್ಲಿ. ಅಲ್ಲಿ ಗೋಪುರ, ತೇರು, ಆನೆ ಅಂಬಾರಿಯ ಬದಲು ಸರು ಮರ, ಬೆತ್ಲೆಹೆಮ್ಮಿನ ಚಂದ್ರ, ಪಾಷಾನ ಡೇರೆ. ಥೋಬಿನ ಎದೆಪಟ್ಟಿಗೆ ಕಬ್ಬೆ ಎನ್ನುತ್ತಾರೆ. ಅದರ ಬಣ್ಣ, ವಿನ್ಯಾಸ ನೋಡಿ ಉಟ್ಟವರ ಸೀಮೆ ಯಾವುದೆಂದು ಹೇಳುವವರಿದ್ದಾರೆ. 1987ರಲ್ಲಿ ಶುರುವಾದ ಇಂತಿಫಾದಾ ಎಂಬ ಜನದಂಗೆಯ ಕಾಲದಲ್ಲಿ, ಬಾವುಟ ಹಾರಿಸುವುದು ನಿಷೇಧವಾಗಿದ್ದಾಗ, ಹೆಂಗಸರು ಬಾವುಟದ ಬಣ್ಣವನ್ನೂ ನಾಡಿನ ನಕ್ಷೆಯನ್ನೂ ಥೋಬಿನ ಮೇಲೇ ಹೊಲಿದುಕೊಂಡರು. ಶಿಬಿರದ ಮೊದಲ ಹತ್ತು ನಿಮಿಷ ಈ ಮಾತಿಗೆ ಮೀಸಲು.

ಪ್ರಯೋಗಕ್ಕೆ ಮೊದಲು ತಂದದ್ದು 14 ಎಣಿಕೆಯ ಐಡಾ ಬಟ್ಟೆ, ಅಂದರೆ ಇಂಚಿಗೆ 14 ಚೌಕ. ಬಿಳಿ ಬಟ್ಟೆ, ಟ್ಯೂಬ್‌ಲೈಟ್ ಬೆಳಕು. 60 ದಾಟಿದವರಿಗೆ ತೂತೇ ಕಾಣಲಿಲ್ಲ. 11 ಎಣಿಕೆಗೆ, ಬಿಳಿಯ ಬದಲು ಹಾಲುಗೆನೆ ಬಣ್ಣಕ್ಕೆ ಇಳಿದ ಮೇಲೆ ಕೆಲಸ ಸಾಗಿತು. 11 ಎಣಿಕೆಗೆ 22ನೇ ನಂಬರಿನ ಮೊಂಡು ಮೊನೆಯ ಸೂಜಿ, ಆರೆಳೆ ದಾರದಲ್ಲಿ ಮೂರೆಳೆ. ಎರಡೇ ಎಳೆ ಹಾಕಿದರೆ ನಡುವೆ ಬಟ್ಟೆ ಇಣುಕುತ್ತದೆ.

ಲೆಕ್ಕ ಹೀಗಿದೆ. ಹೊಸಬರು ಗಂಟೆಗೆ 45ರಿಂದ 60 ಅಡ್ಡಹೊಲಿಗೆ ಹಾಕಿದರು. ಶಿಬಿರ ಎರಡು ಗಂಟೆಯದು, ವಿವರಣೆ ಕಳೆದು ಹೊಲಿಯಲು ಸಿಗುವುದು 90 ನಿಮಿಷ. ಮೊದಲು ಆರಿಸಿದ್ದ ಸರು ಮರ 21 ಚೌಕ ಅಗಲ, 33 ಎತ್ತರ, 220 ಹೊಲಿಗೆಯದು. ಯಾರಿಗೂ ಮುಗಿಯಲಿಲ್ಲ. ಈಗ 13 ಚೌಕ ಅಗಲ, 17 ಎತ್ತರದ ಸಣ್ಣ ಮರ ಬರೆದಿದ್ದೇವೆ: 80 ಹೊಲಿಗೆ, 11 ಎಣಿಕೆಯಲ್ಲಿ 3 ಸೆಂಟಿಮೀಟರ್ ಅಗಲ, ಸುಮಾರು 4 ಎತ್ತರ. ದೊಡ್ಡ ಮರದ ನಕ್ಷೆ ಮನೆಗೆ.

ದಾರವನ್ನು 45 ಸೆಂಟಿಮೀಟರಿಗೆ ಕತ್ತರಿಸಬೇಕು. ಅದಕ್ಕಿಂತ ಉದ್ದವಾದರೆ ಬಟ್ಟೆಯೊಳಗೆ ಓಡಾಡಿ ಓಡಾಡಿ ಜುಂಗೇಳುತ್ತದೆ, ಗಂಟಾಗುತ್ತದೆ. ಎರಡು ತುದಿ ಬಿಟ್ಟು ಒಂದು ತುಂಡಿಗೆ ಸುಮಾರು 28 ಹೊಲಿಗೆ. ಸಣ್ಣ ಮರಕ್ಕೆ 3 ತುಂಡು, ದೊಡ್ಡದಕ್ಕೆ 8. 8 ಮೀಟರಿನ ಒಂದು ಲಡಿಯನ್ನು ಮೂರೆಳೆಯಾಗಿ ಸೀಳಿದರೆ 34 ತುಂಡು. 30 ಜನಕ್ಕೆ 330 ತುಂಡು, ಅಂದರೆ 10 ಲಡಿ. ಡಿಎಂಸಿ ಕಂಪನಿಯ ದಾರದಲ್ಲಿ 321ನೇ ನಂಬರಿನ ಕೆಂಪು ಒಂದೇ ಬಣ್ಣ ಸಾಕು. ಬಟ್ಟೆ 15 ಸೆಂಟಿಮೀಟರ್ ಚೌಕ: 110 ಅಗಲದ ಥಾನಿನಲ್ಲಿ ಸಾಲಿಗೆ ಏಳು, ಐದು ಸಾಲು, 75 ಸೆಂಟಿಮೀಟರ್. ಒಂದು ಮೀಟರ್ ತಂದರೆ ಕೈತಪ್ಪಿಗೂ ಆಯಿತು. ಐಡಾದ ಅಂಚು ಬಿಚ್ಚಿಕೊಳ್ಳುತ್ತದೆ, ನಾಲ್ಕೂ ಬದಿಗೆ ಕಾಗದದ ಟೇಪು ಅಂಟಿಸಿದೆವು.

ತಪ್ಪುವುದು ಎಲ್ಲಿ? ಮೂರು ಕಡೆ. ಒಂದು, ಮೇಲಿನ ಕಾಲು. ಪ್ರತಿ ಹೊಲಿಗೆಯ ಎರಡನೇ ಗೆರೆ ಒಂದೇ ದಿಕ್ಕಿಗೆ ಮಲಗಬೇಕು. ಒಂದು ಅತ್ತ, ಒಂದು ಇತ್ತ ಆದರೆ ಬೆಳಕು ಬೇರೆ ಬೇರೆಯಾಗಿ ಬಿದ್ದು ಮರದ ಮೇಲೆ ಕಲೆ ಕಂಡಂತೆ ಕಾಣುತ್ತದೆ. ಬಟ್ಟೆ ತಿರುಗಿಸಿ ಹಿಡಿದಾಗಲೇ ಇದು ಆಗುವುದು, ಅದಕ್ಕೆ ಪ್ರತಿ ಚೌಕದ ಮೇಲ್ತುದಿಗೆ ಪೆನ್ಸಿಲಿನಿಂದ ಬಾಣ ಹಾಕಿಟ್ಟಿದ್ದೇವೆ. ಎರಡು, ಎಣಿಕೆ. ನಡುಸಾಲಿನಲ್ಲಿ ಒಂದು ಚೌಕ ತಪ್ಪಿದರೆ ಆಗ ತಿಳಿಯುವುದಿಲ್ಲ. ಐದನೇ ಸಾಲಿಗೆ ಬಂದಾಗ ಒಂದು ಕೊಂಬೆ ಉದ್ದ, ಒಂದು ಗಿಡ್ಡ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಡು ಗುರುತಿಸಿ, ಅಲ್ಲಿಂದಲೇ ಹೊರಡಬೇಕು. ಮೂರು, ಬೆನ್ನು. ಗಂಟು ಹಾಕಿದರೆ ಮುಂದೆ ಉಬ್ಬು ಬರುತ್ತದೆ. ದಾರದ ತುದಿಯನ್ನು ಮೊದಲ ನಾಲ್ಕು ಹೊಲಿಗೆಯ ಅಡಿಗೆ ಸಿಕ್ಕಿಸಿದರೆ ಸಾಕು. ಧಾರವಾಡ ಕಸೂತಿಯ ಗವಂತಿ ಹೊಲಿಗೆ ಹಾಕಿ ರೂಢಿಯಿದ್ದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ, ಅವರ ಕಸೂತಿಯ ಎರಡು ಮುಖವೂ ಒಂದೇ.

ಆರು ವಾರ ಬಾಕಿ: ಛಾಯಾಚಿತ್ರ ಪ್ರದರ್ಶನದ ಫಲಕಗಳು

1968ರಲ್ಲಿ ಅಮ್ಮಾನಿನಲ್ಲಿ ಸುಲಾಫಾ ಜಾದಲ್ಲಾ, ಮುಸ್ತಫಾ ಅಬು ಅಲಿ, ಹಾನಿ ಜೌಹರಿಯೆ ಸೇರಿ ಕಟ್ಟಿದ ಪ್ಯಾಲೆಸ್ಟೀನ್ ಚಿತ್ರ ಘಟಕದ ಬಗ್ಗೆ 12 ಫಲಕ. ಅವರು ಮತ್ತು ಜೊತೆಗಾರರು ಕೂಡಿಟ್ಟ ಸಂಗ್ರಹ 1982ರಲ್ಲಿ ಬೈರೂತಿನ ಮುತ್ತಿಗೆಯ ಸಮಯದಲ್ಲಿ ಕಣ್ಮರೆಯಾಯಿತು. ಇಂದು ಪರದೆಗೆ ಬರುವ ಹಳೆಯ ರೀಲುಗಳಲ್ಲಿ ಎಷ್ಟೋ ಹೊರದೇಶಗಳಿಗೆ ಕಳಿಸಿದ್ದ ಪ್ರತಿಗಳಿಂದ ಉಳಿದವು. ಈ ಮಾತು ಮೊದಲ ಫಲಕದಲ್ಲೇ ಇರಬೇಕು, ಇಲ್ಲದಿದ್ದರೆ ಗೀರು ಬಿದ್ದ ಚಿತ್ರಗಳು ಅಲ್ಲಿ ಏಕಿವೆ ಎಂದು ನೋಡುಗರಿಗೆ ತಿಳಿಯದು.

ಎ2 ಅಳತೆ, 5 ಮಿಲಿಮೀಟರ್ ಫೋಮ್ ಬೋರ್ಡ್, ಫಲಕದ ನಡು ನೆಲದಿಂದ 145 ಸೆಂಟಿಮೀಟರ್ ಎತ್ತರಕ್ಕೆ. ಮುದ್ರಣದ ಮೊದಲ ಪ್ರೂಫ್ ಬಂದಾಗ ಅರಬ್ಬಿ ಸಾಲುಗಳೆಲ್ಲ ಕೆಟ್ಟಿದ್ದವು: ಕೂಡಿಕೊಳ್ಳಬೇಕಾದ ಅಕ್ಷರಗಳು ಬಿಡಿಬಿಡಿ, ಮೇಲಾಗಿ ಎಡದಿಂದ ಬಲಕ್ಕೆ ಹಿಂದುಮುಂದು. ಹಳೆಯ ಡಿಟಿಪಿಯಲ್ಲಿ ಕನ್ನಡದ ಒತ್ತಕ್ಷರ ಕಳಚಿಕೊಂಡು ಪಕ್ಕದಲ್ಲಿ ಬೀಳುತ್ತಿತ್ತಲ್ಲ, ಅದೇ ರೋಗ. ವಿನ್ಯಾಸದ ತಂತ್ರಾಂಶದಲ್ಲಿ ಬಲದಿಂದ ಎಡಕ್ಕೆ ಜೋಡಿಸುವ ವ್ಯವಸ್ಥೆ ಚಾಲೂ ಇರಲಿಲ್ಲ. ಅದನ್ನು ಚಾಲೂ ಮಾಡಿ, ಪಠ್ಯ ಮತ್ತೆ ಅಂಟಿಸಿ, ಅಕ್ಷರಗಳನ್ನು ರೇಖಾಕೃತಿಯಾಗಿ ಬದಲಿಸಿ ಪಿಡಿಎಫ್ ಕಳಿಸಿದೆವು. ಅರಬ್ಬಿ ಓದಬಲ್ಲವರು ಕಾಗದದ ಪ್ರೂಫನ್ನೇ ನೋಡಿ ಸಹಿ ಹಾಕಬೇಕು. ಒಬ್ಬರ ಊರಿನ ಹೆಸರು ಅವರ ಕಣ್ಣೆದುರೇ ಮುರಿದು ಬಿದ್ದಿರುವುದು ಸಣ್ಣ ತಪ್ಪಲ್ಲ.

ನಾಲ್ಕು ವಾರ ಬಾಕಿ: ದಬ್ಕೆ

ಇದು ಬೇಗ ಮುಗಿಯಿತು. ಶಮಾಲಿಯ್ಯೆ ಹೆಜ್ಜೆ ಆರು ಎಣಿಕೆಯದು, ಹಾಡು ನಾಲ್ಕರ ತಾಳದ್ದು. ಹೆಜ್ಜೆಯ ಆರಂಭ ಪ್ರತಿಸಲ ತಾಳದ ಬೇರೆ ಜಾಗಕ್ಕೆ ಬೀಳುತ್ತದೆ, ಹೊಸಬರು ತಾವೇ ತಪ್ಪಿದೆವೆಂದು ನಿಂತುಬಿಡುತ್ತಾರೆ. ಮೊದಲ 15 ನಿಮಿಷ ಸಂಗೀತವಿಲ್ಲದೆ ಬರೀ ಎಣಿಕೆ. ಒಬ್ಬರಿಗೆ 65 ಸೆಂಟಿಮೀಟರ್ ಜಾಗದಂತೆ 24 ಜನರ ಸಾಲಿಗೆ 16 ಮೀಟರ್ ಬೇಕು, ಹಾಗಾಗಿ ಅರ್ಧಚಂದ್ರಾಕಾರ. ರತ್ನಗಂಬಳಿ ಹಾಸಿದ ಕೋಣೆ ಬೇಡ, ಕಾಲು ನೆಲಕ್ಕೆ ಬಡಿದ ಸದ್ದೇ ಮುಂದಿನವರಿಗೆ ಸೂಚನೆ.

ಮೂರು ವಾರ ಬಾಕಿ: ಅಡುಗೆಯ ಪ್ರಯೋಗ

ಹಮ್ಮುಸ್ (ರುಬ್ಬಿದ ಕಡಲೆಯ ಚಟ್ನಿಯಂಥದು): ತಲೆಗೆ 80 ಗ್ರಾಂ, ಒಟ್ಟು 8 ಕಿಲೊ. 3 ಕಿಲೊ ಒಣ ಕಾಬೂಲಿ ಕಡಲೆ, ಬೆಂದ ಮೇಲೆ 6.5 ಕಿಲೊ ಮೀರುತ್ತದೆ. 1.3 ಕಿಲೊ ತಹಿನಿ, 600 ಮಿಲಿ ನಿಂಬೆರಸ, ಬೆಳ್ಳುಳ್ಳಿ, ಉಪ್ಪು. ರುಬ್ಬುವಾಗ ಮಂಜುಗಡ್ಡೆ ಹಾಕಬೇಕು, ಬಿಸಿ ಕಡಲೆಯನ್ನು ಹಾಗೇ ರುಬ್ಬಿದರೆ ಅಂಟಂಟಾಗುತ್ತದೆ. ತಹಿನಿ ಎಳ್ಳಿನದು. ಕೆನಡಾದಲ್ಲಿ ಎಳ್ಳು ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಚೀಟಿಯಲ್ಲಿ ದೊಡ್ಡದಾಗಿ ಬರೆಯಬೇಕು.

ಮುಸಖ್ಖನ್ ಸುರುಳಿ (ಈರುಳ್ಳಿ, ಕೋಳಿ ಸುತ್ತಿದ ರೊಟ್ಟಿ) 200. ಉದ್ದಕ್ಕೆ ಹೆಚ್ಚಿದ 14 ಕಿಲೊ ಈರುಳ್ಳಿ, 2 ಲೀಟರ್ ಆಲಿವ್ ಎಣ್ಣೆ, 400 ಗ್ರಾಂ ಸುಮಾಕ್ (ಹುಳಿ ರುಚಿಯ ಕೆಂಪು ಮಸಾಲೆ ಪುಡಿ), ಮೂಳೆ ತೆಗೆದ ಕೋಳಿ 7 ಕಿಲೊ. ಈರುಳ್ಳಿ ಕೆಂಪಗಾಗಬಾರದು, ಸಣ್ಣ ಉರಿಯಲ್ಲಿ 40 ನಿಮಿಷ ಮೆತ್ತಗಾಗಬೇಕು. ಉಪ್ಪು ಕೊನೆಗೆ, ಏಕೆಂದರೆ ಅಂಗಡಿಯ ಸುಮಾಕಿನಲ್ಲಿ ಎಷ್ಟೋ ಸಲ ಉಪ್ಪು ಬೆರೆತೇ ಇರುತ್ತದೆ. ಮೊದಲ ಪ್ರಯೋಗದ ಬಾಣಲೆ ಹಾಳಾದದ್ದು ಇದರಿಂದಲೇ. 60 ಸುರುಳಿ ಕೋಳಿಯಿಲ್ಲದೆ, ಬೇರೆ ತಟ್ಟೆ, ಬೇರೆ ಚಿಮಟ. ಬಿಸಿಯದು 60 ಡಿಗ್ರಿಯ ಮೇಲೆ, ತಣ್ಣಗಿನದು 4ರ ಕೆಳಗೆ.

ಎರಡು ವಾರ ಬಾಕಿ: ಕ್ನಾಫೆ

ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನ ಈ ಸಿಹಿಗೆ ಅಲ್ಲಿಯದೇ ಉಪ್ಪುನೀರಿನ ಗಿಣ್ಣು (ಚೀಸ್) ಬೇಕು, ಅಕ್ಕಾವಿ ಚೀಸೂ ನಡೆಯುತ್ತದೆ. 1 ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ತಣ್ಣೀರಿನಲ್ಲಿ 12 ಗಂಟೆ ನೆನೆಸಿ ಐದು ಸಲ ನೀರು ಬದಲಿಸಬೇಕು. ಮೂರೇ ಸಲ ಬದಲಿಸಿದ ತಟ್ಟೆ ಉಪ್ಪುಪ್ಪಾಗಿ ಯಾರೂ ಎರಡನೇ ತುತ್ತು ತಿನ್ನಲಿಲ್ಲ. ನೆನೆದ ಮೇಲೆ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಬೇಕು, ನೀರುಳಿದರೆ ತಳ ಮೆತ್ತಗಾಗುತ್ತದೆ.

40 ಸೆಂಟಿಮೀಟರ್ ತಟ್ಟೆಗೆ 500 ಗ್ರಾಂ ಕತಾಯಿಫ್ ಶಾವಿಗೆ, 220 ಗ್ರಾಂ ತುಪ್ಪ, 750 ಗ್ರಾಂ ಗಿಣ್ಣು. ಪಾಕಕ್ಕೆ 400 ಗ್ರಾಂ ಸಕ್ಕರೆ, 200 ಮಿಲಿ ನೀರು, ಒಂದು ಚಮಚ ನಿಂಬೆರಸ, ಕೆಳಗಿಳಿಸಿದ ಮೇಲೆ ಒಂದು ಚಮಚ ಕಿತ್ತಳೆ ಹೂವಿನ ನೀರು. ಹದ ಜಾಮೂನಿನ ಪಾಕದ್ದು, ಒಂದೆಳೆಗೆ ಬಿಡಬಾರದು. ತಟ್ಟೆ ಬಿಸಿ, ಪಾಕ ತಣ್ಣಗೆ. ಎರಡೂ ಬಿಸಿಯಾದರೆ ಶಾವಿಗೆ ಗರಿ ಕಳೆದುಕೊಳ್ಳುತ್ತದೆ.

ಒಂದು ತಟ್ಟೆಗೆ 20 ತುಂಡು, ಒಟ್ಟು ಐದು ತಟ್ಟೆ, 200 ಡಿಗ್ರಿಯಲ್ಲಿ 25 ನಿಮಿಷ. ಗಿಣ್ಣು 15 ನಿಮಿಷದಲ್ಲಿ ರಬ್ಬರಿನಂತೆ ಬಿಗಿಯುತ್ತದೆ, ಆದ್ದರಿಂದ ಐದನ್ನೂ ಒಟ್ಟಿಗೆ ಬೇಯಿಸಿಡುವಂತಿಲ್ಲ. ಸಂವಾದ 1:00ಕ್ಕೆ ಮುಗಿಯುತ್ತದೆ. ಮೊದಲ ತಟ್ಟೆ 12:35ಕ್ಕೆ ಒಲೆಗೆ, ಮುಂದಿನವು ಎಂಟೆಂಟು ನಿಮಿಷಕ್ಕೆ ಒಂದು. ನೆನೆಸುವ ಕೆಲಸ ಶನಿವಾರ ರಾತ್ರಿ 8:30ಕ್ಕೆ, ಕೊನೆಯ ಚಿತ್ರ ಶುರುವಾಗುವ ಹೊತ್ತಿಗೇ ಆಗಬೇಕು. ರಾತ್ರಿ ಎರಡು ಸಲ ನೀರು ಬದಲಿಸಲು ಅಡುಗೆಮನೆಯ ಕೀಲಿ ಯಾರ ಬಳಿ ಇರಬೇಕು ಎನ್ನುವುದೊಂದು ಇನ್ನೂ ತೀರ್ಮಾನವಾಗಬೇಕಿದೆ.